ದಾರಿ ತಪ್ಪಿ ಬಂದ ಹಣ

ಈ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾಯಿ ನಿಂತಿದ್ದರು. ಮಗಳ ಹಾಸ್ಟೆಲ್ಲಿಗೆಂದು ಕಳಿಸಿದ 18,000 ರೂಪಾಯಿ, ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿ, ಯಾರೋ ಗುರುತಿಲ್ಲದವರ ಖಾತೆಗೆ ಜಮೆಯಾಗಿತ್ತು. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು, ಗದರಲಿಲ್ಲ. "ಅಮ್ಮಾ, ಒಂದು ಅರ್ಜಿ ಬರೆದುಕೊಡಿ. ಆ ಬ್ರಾಂಚಿಗೆ ಕಳಿಸ್ತೀವಿ, ಅವರು ಆ ಪಾರ್ಟಿಗೆ ಫೋನ್ ಮಾಡ್ತಾರೆ. ಆದರೆ ಅವರು ಒಪ್ಪಿದರೇನೇ ದುಡ್ಡು ವಾಪಸ್ ಬರೋದು" ಅಂದ. ಆ ತಾಯಿ ಕೇಳಿದರು: "ದುಡ್ಡು ನಂದಲ್ವಾ ಸಾರ್? ಅವರು ಯಾಕೆ ಒಪ್ಪಬೇಕು?"

ಆ ಪ್ರಶ್ನೆ ವಾರವಿಡೀ ನನ್ನ ಜೊತೆಗೇ ಓಡಾಡಿತು.

ಒಪ್ಪಿಗೆ ಯಾಕೆ ಬೇಕು ಅನ್ನುವುದಕ್ಕೆ ಬ್ಯಾಂಕಿನ ಉತ್ತರ ಸರಿಯಾಗಿಯೇ ಇದೆ. ಯಾರೋ ಬಂದು "ಆ ಹಣ ನನ್ನದು" ಅಂದ ಮಾತ್ರಕ್ಕೆ ನಮ್ಮ ಖಾತೆಯಿಂದ ಬ್ಯಾಂಕು ಹಣ ತೆಗೆದುಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ? ಆ ಕಟ್ಟುಪಾಡು ನಮ್ಮೆಲ್ಲರ ಕಾವಲಿಗೆ ಇರುವುದು. ಇನ್ನು ಯಂತ್ರಕ್ಕೆ ಹೆಸರು ಬೇಕಿಲ್ಲ, ಸಂಖ್ಯೆ ಸಾಕು. ಖಾತೆ ಸಂಖ್ಯೆಯೊಂದನ್ನೇ ನೋಡಿ ಹಣ ಜಮೆ ಮಾಡಬಹುದು, ಸಂಖ್ಯೆ ಸರಿಯಾಗಿ ಬರೆಯುವ ಹೊಣೆ ಕಳಿಸುವವರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿ ಕಳಿಸುವ ಮುನ್ನವೇ ಎದುರಿನವರ ಹೆಸರು ಕಾಣುವಂತೆ ಮಾಡಿ ಎಂದು ಬ್ಯಾಂಕುಗಳಿಗೆ ಗಡುವು ಕೊಟ್ಟದ್ದು 2025ರ ಏಪ್ರಿಲ್ 1ಕ್ಕೆ. ಒಳ್ಳೆಯ ಕೆಲಸ. ಆದರೂ ಅವಸರದಲ್ಲಿರುವ ಕಣ್ಣು ತೆರೆಯ ಮೇಲಿನ ಹೆಸರನ್ನೂ ದಾಟಿಹೋಗುತ್ತದೆ. ಹೀಗೆ ತಪ್ಪಿಹೋದ ಹಣ, ಮುಖ ನೋಡದ ಒಬ್ಬರ ಮನಸ್ಸಿನ ಮೇಲೆ ಬಂದು ನಿಲ್ಲುತ್ತದೆ.

ಆ ಮನಸ್ಸಿಗೆ ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಅಧಿನಿಯಮದ 72ನೇ ಕಲಮು ಬಹಳ ಸರಳ: ತಪ್ಪಿನಿಂದ ಹಣ ಪಡೆದವನು ಅದನ್ನು ಹಿಂದಿರುಗಿಸಲೇಬೇಕು. ಅಲ್ಲೇ ಒಂದು ಪುಟ್ಟ ಉದಾಹರಣೆಯೂ ಇದೆ. ಇಬ್ಬರು ಸೇರಿ ಒಬ್ಬನಿಗೆ 100 ರೂಪಾಯಿ ಕೊಡಬೇಕಿರುತ್ತದೆ. ಒಬ್ಬ ಪೂರ್ತಿ ಕೊಟ್ಟುಬಿಡುತ್ತಾನೆ. ಅದು ಗೊತ್ತಿಲ್ಲದೆ ಇನ್ನೊಬ್ಬನೂ ಹೋಗಿ 100 ರೂಪಾಯಿ ಕೊಡುತ್ತಾನೆ. ಎರಡನೆಯ ಸಲ ಬಂದ ನೂರನ್ನು ಸಾಲ ಕೊಟ್ಟವನು ವಾಪಸ್ ಮಾಡಬೇಕು. ಮೊಬೈಲು, ಕಂಪ್ಯೂಟರು ಯಾವುದೂ ಇಲ್ಲದ ಕಾಲದಲ್ಲೇ ಮನುಷ್ಯನ ಈ ತಪ್ಪನ್ನು ಕಾನೂನು ಬರೆದವರು ಊಹಿಸಿದ್ದರು. ತಪ್ಪೆಂದು ತಿಳಿದೂ ದುರುದ್ದೇಶದಿಂದ ಬಳಸಿಕೊಂಡರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಂತೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಸೆರೆವಾಸ, ಜೊತೆಗೆ ದಂಡ. 2021ರಲ್ಲಿ ಬಿಹಾರದ ಖಗರಿಯಾ ಜಿಲ್ಲೆಯಲ್ಲಿ ಒಬ್ಬರ ಖಾತೆಗೆ ಗ್ರಾಮೀಣ ಬ್ಯಾಂಕಿನಿಂದ ತಪ್ಪಾಗಿ ಐದೂವರೆ ಲಕ್ಷ ರೂಪಾಯಿ ಬಂತು. ಪ್ರಧಾನಿಯವರು ಕೊಡುತ್ತಾರೆಂದಿದ್ದ ಹಣದ ಮೊದಲ ಕಂತು ಅಂದುಕೊಂಡೆ, ಖರ್ಚು ಮಾಡಿದೆ, ಕೊಡಲಾರೆ ಅಂದರು. ಪೊಲೀಸರು ಬಂಧಿಸಿದರು.

ಆ ಸುದ್ದಿ ಓದಿ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ನಮ್ಮ ಹಳ್ಳಿಯ ಖಾತೆಗಳನ್ನೇ ನೋಡಿ. ಗೃಹಲಕ್ಷ್ಮಿಯ 2,000, ಕಿಸಾನ್ ಸಮ್ಮಾನ್ ಕಂತಿನ 2,000, ಡೇರಿಯ ಹಾಲಿನ ದುಡ್ಡು, ಉದ್ಯೋಗ ಖಾತ್ರಿ ಕೂಲಿ, ಎಲ್ಲ ಒಂದೇ ಪಾಸ್‌ಬುಕ್ಕಿಗೆ ಬೀಳುತ್ತದೆ. ಯಾವುದು ಎಲ್ಲಿಂದ ಬಂತೆಂದು ಬಿಡಿಸಿ ಹೇಳುವವರು ಮನೆಯಲ್ಲಿಲ್ಲ. ಬಂದದ್ದು ಸರ್ಕಾರದ್ದೇ ಇರಬೇಕು ಅಂದುಕೊಂಡು ಖರ್ಚು ಮಾಡಿದವರನ್ನು ಕಳ್ಳರೆನ್ನಲು ನನಗೆ ಮನಸ್ಸಾಗುವುದಿಲ್ಲ. ಆದರೆ ಬ್ಯಾಂಕಿನಿಂದ ಫೋನ್ ಬಂದು, ಇದು ಇಂಥವರ ಹಣ ಎಂದು ತಿಳಿಸಿದ ಮೇಲೆ ಆ ನೆಪ ಮುಗಿಯಿತು. ಆಮೇಲಿನ ಮೌನಕ್ಕೆ ನಾವೇ ಹೊಣೆ. ಖರ್ಚಾಗಿದ್ದರೆ ಖರ್ಚಾಗಿದೆ ಅನ್ನಿ. ಕಂತಿನಲ್ಲಿ ಕೊಡುತ್ತೇನೆ ಅನ್ನಿ. ಬಾಯಿಬಿಟ್ಟು ಹೇಳುವುದರಲ್ಲಿ ಅವಮಾನವಿಲ್ಲ.

ನಮ್ಮಜ್ಜಿ ಆಗಾಗ ಹೇಳುತ್ತಿದ್ದರು: ಪರರ ಸೊತ್ತು ಪಾಷಾಣ. ಚಿಕ್ಕವನಿದ್ದಾಗ ಅದು ಹೆದರಿಸುವ ಮಾತು ಅನ್ನಿಸುತ್ತಿತ್ತು. ಮನೆಯಲ್ಲಿ ಇಲಿ ಪಾಷಾಣದ ಡಬ್ಬಿಯನ್ನು ಅವರು ಹೇಗಿಡುತ್ತಿದ್ದರೆಂದು ನೆನೆದರೆ ಈಗ ಬೇರೆ ಅರ್ಥ ಹೊಳೆಯುತ್ತದೆ. ಡಬ್ಬಿ ಮನೆಯೊಳಗೇ ಇರುತ್ತಿತ್ತು, ಆದರೆ ಅಡುಗೆಮನೆಗೆ ಬರುತ್ತಿರಲಿಲ್ಲ. ಅಟ್ಟದ ಮೂಲೆಯಲ್ಲಿ, ಬೇರೆ ಯಾವ ಸಾಮಾನಿನ ಜೊತೆಗೂ ಸೇರಿಸದೆ ಇಡುತ್ತಿದ್ದರು. ಮುಟ್ಟಿದ ಕೈಯನ್ನು ಕೂಡಲೇ ತೊಳೆಯುತ್ತಿದ್ದರು. ತಪ್ಪಿ ಬಂದ ಹಣಕ್ಕೂ ಇಷ್ಟೇ ಉಪಚಾರ ಸಾಕು. ಅದು ನಮ್ಮ ಖಾತೆಗೆ ಬಂದದ್ದರಲ್ಲಿ ನಮ್ಮ ಪಾಪವಿಲ್ಲ. ನಮ್ಮ ಅಕ್ಕಿ, ಬೇಳೆ, ಸಾಲದ ಕಂತಿನ ಲೆಕ್ಕದಲ್ಲಿ ಅದನ್ನು ಬೆರೆಸಬಾರದು, ಅಷ್ಟೇ. ಬೆರೆತಮೇಲೆ ಬೇರ್ಪಡಿಸುವುದು ಕಷ್ಟ. ಮನಸ್ಸು ಆಗ ನೂರು ಸಬೂಬು ಹುಡುಕಲು ಶುರುಮಾಡುತ್ತದೆ. ಅವರಿಗೇನು ಕಡಿಮೆ, ತಪ್ಪು ಅವರದ್ದಲ್ಲವೇ, ದೇವರೇ ಕೊಟ್ಟ, ಹೀಗೆ. ಅಜ್ಜಿ ಇಂಥ ಸಬೂಬು ಕೇಳಿದ್ದರೆ ಮಾತಾಡುತ್ತಿರಲಿಲ್ಲ, ಸುಮ್ಮನೆ ಮುಖ ನೋಡುತ್ತಿದ್ದರು. ಆ ನೋಟ ತಡೆಯಲಾಗುತ್ತಿರಲಿಲ್ಲ.

ಇನ್ನೊಂದು ತೊಡಕಿದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಈಗ ಫೋನೆತ್ತಲು ಒಳ್ಳೆಯವರಿಗೂ ಭಯ. "ತಪ್ಪಿ ನಿಮಗೆ ಹಣ ಹೋಗಿದೆ, ಈ ನಂಬರಿಗೆ ವಾಪಸ್ ಹಾಕಿ" ಎಂದು ನಂಬಿಸಿ ಸುಲಿಯುವವರಿದ್ದಾರೆ. ಹಾಗಾಗಿ ಫೋನಿನಲ್ಲಿ ಕೇಳಿದವರಿಗೆ ನೇರವಾಗಿ ಹಣ ಕಳಿಸಬೇಡಿ. ಪಿನ್, ಒಟಿಪಿ ಯಾರಿಗೂ ಹೇಳಬೇಡಿ. ನಿಮ್ಮ ಬ್ಯಾಂಕಿಗೆ ನೀವೇ ಹೋಗಿ, ಈ ಜಮೆ ನನ್ನದಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿ ಎಂದು ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಮೋಸ ಅನ್ನಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಚ್ಚರವೂ ಪ್ರಾಮಾಣಿಕತೆಯೂ ಒಟ್ಟಿಗೇ ಇರಬಲ್ಲವು.

ಹಣ ಕಳಿಸಿ ಕಂಗಾಲಾದವರಿಗೂ ಎರಡು ಮಾತು. ನಾಚಿಕೆಪಟ್ಟು ದಿನ ದೂಡಬೇಡಿ. ಅಂದೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ವ್ಯವಹಾರದ ಸಂಖ್ಯೆ ಕೊಡಿ. ಯುಪಿಐ ಆಗಿದ್ದರೆ ಆ ಆ್ಯಪಿನಲ್ಲೇ ದೂರು ದಾಖಲಿಸಿ. ಯುಪಿಐ ಸಹಾಯವಾಣಿ 1800 120 1740ಕ್ಕೂ ಕರೆ ಮಾಡಬಹುದು. ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448. ಮನೆಯವರು ಆ ಹೊತ್ತಿನಲ್ಲಿ ದಯವಿಟ್ಟು ಬೈಯಬೇಡಿ. ಒಂದು ಅಂಕಿ ಯಾರಿಗಾದರೂ ತಪ್ಪುತ್ತದೆ.

ಕೊನೆಯದಾಗಿ ಒಂದು ವಿನಂತಿ. ಇವತ್ತು ಬಿಡುವಾದಾಗ ನಿಮ್ಮ ಪಾಸ್‌ಬುಕ್ಕಿನ ಈ ತಿಂಗಳ ಪುಟವನ್ನು ಒಮ್ಮೆ ನಿಧಾನವಾಗಿ ಓದಿ. ಓದಲು ಬಾರದ ಹಿರಿಯರು ಮನೆಯಲ್ಲೋ ಪಕ್ಕದಲ್ಲೋ ಇದ್ದರೆ ಅವರದ್ದನ್ನೂ ಓದಿಹೇಳಿ. ಎಲ್ಲಿಂದ ಬಂತೆಂದು ತಿಳಿಯದ ಜಮೆ ಕಂಡರೆ, ಯಾರಾದರೂ ಕೇಳಿಕೊಂಡು ಬರಲಿ ಎಂದು ಕಾಯಬೇಡಿ. ಬ್ಯಾಂಕಿಗೆ ಹೋಗಿ ನೀವೇ ಕೇಳಿ.