ಬಾಡಿಗೆ ಮನೆಯ ವಿದ್ಯುತ್ತು ಯಾರ ಹೊಣೆ?

(ಬಾಡಿಗೆದಾರರ ಸಭೆಯಲ್ಲಿ ಮಾಡಿದ ಭಾಷಣ)



ಬಾಡಿಗೆ ಮನೆ ನೋಡಲು ಹೋದಾಗ ನಾವು ಕೇಳುವುದು ಮೂರೇ ಮಾತು: ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಬರುತ್ತದೆಯೇ. ದೀಪ ಹತ್ತಿದರೆ ಕರೆಂಟಿನ ವಿಚಾರ ಅಲ್ಲಿಗೆ ಮುಗಿಯಿತು.

"ಫ್ಯೂಸ್ ಇದೆಯಲ್ಲ ಮೇಷ್ಟ್ರೇ" ಎನ್ನುವವರುಂಟು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಸ್ವಲ್ಪ ಲೆಕ್ಕ ಮಾಡೋಣ, ಪಾಠ ಹೇಳುವ ಚಟ ಇನ್ನೂ ಬಿಟ್ಟಿಲ್ಲ. 5 ಆಂಪಿಯರ್ ಎಂದರೆ 5,000 ಮಿಲಿಆಂಪಿಯರ್. ಅಷ್ಟು ಹರಿದರೂ 5 ಆಂಪಿಯರಿನ ಫ್ಯೂಸು ಸುಡದು. ಮನುಷ್ಯನ ಪ್ರಾಣ ತೆಗೆಯಲು ಅದರ ನೂರರಲ್ಲಿ ಒಂದೆರಡು ಪಾಲು ಸಾಕು. ಒದ್ದೆ ಕೈಯಲ್ಲಿ ನೀರು ಕಾಯಿಸುವ ಕಾಯಿಲ್ ಮುಟ್ಟಿದ ಹೆಣ್ಣುಮಗಳು ನೆಲಕ್ಕೆ ಬಿದ್ದ ಮೇಲೂ ಮನೆಯ ದೀಪ ಉರಿಯುತ್ತಲೇ ಇರುತ್ತದೆ!

ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ. ಅದರ ಹೆಸರು ಆರ್‌ಸಿಸಿಬಿ. ಅಂಗಡಿಯ ಬಂಧುಗಳಿಗೆ ಹೇಳುವುದಾದರೆ, ಹೋದದ್ದಕ್ಕೂ ಬಂದದ್ದಕ್ಕೂ ತಾಳೆ ನೋಡುವ ಗುಮಾಸ್ತನಂತೆ ಅದು. ಮನೆಗೆ ಹಾಕುವಂಥದು 30 ಮಿಲಿಆಂಪಿಯರ್ ವ್ಯತ್ಯಾಸ ಬರುವುದರೊಳಗೆ ಕರೆಂಟನ್ನು ಕಡಿದುಹಾಕುತ್ತದೆ. ಜೊತೆಗೆ ಅರ್ತಿಂಗ್ ಬೇಕು. ಮೂರು ತೂತಿನ ಸಾಕೆಟ್ ಕಂಡು ನಂಬಬೇಡಿ. ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದ ಮನೆಗಳಿವೆ.

ಖರ್ಚು ಯಾರದು? ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ವೈರಿಂಗ್ ಮಾಲೀಕನ ಹೊಣೆ. ಸ್ವಿಚ್ಚು, ಸಾಕೆಟ್ಟಿನ ರಿಪೇರಿ ಬಾಡಿಗೆದಾರನದು. ಆದರೆ ಅದು ಮಾದರಿ ಮಾತ್ರ. ರಾಜ್ಯವು ಶಾಸನ ಮಾಡಿದರೆ ಮಾತ್ರ ಅದಕ್ಕೆ ಬಲ. ವೈರಿಂಗನ್ನು ಎಷ್ಟು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬ ಮಾತೂ ಅದರಲ್ಲಿಲ್ಲ. ಇಂಗ್ಲೆಂಡಿನಲ್ಲಿ 2020ರಲ್ಲಿ ಬಂದ ನಿಯಮ ಆ ಮಾತನ್ನು ಆಡಿತು: ಖಾಸಗಿ ಬಾಡಿಗೆ ಮನೆಯನ್ನು ಕನಿಷ್ಠ 5 ವರ್ಷಕ್ಕೊಮ್ಮೆ ಅರ್ಹನಾದವನಿಂದ ಪರೀಕ್ಷೆ ಮಾಡಿಸಬೇಕು, ವರದಿಯ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರನ ಕೈಗೆ ಕೊಡಬೇಕು. ಅಲ್ಲಿಯ ಮಾಲೀಕರೇನೂ ಧರ್ಮರಾಯರಲ್ಲ. ತಪ್ಪಿದರೆ ಭಾರಿ ದಂಡವಿದೆ.

ನಮ್ಮಲ್ಲಿ ಒಬ್ಬನೇ ಹೋಗಿ ಕೇಳಿದರೆ "ಬೇರೆ ಮನೆ ನೋಡಿಕೋ" ಎನ್ನುತ್ತಾರೆ. ವಠಾರದವರೆಲ್ಲ ಸೇರಿ ಒಂದೇ ಪತ್ರ ಕೊಡಿ: ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ತಿಂಗ್ ಪರೀಕ್ಷೆ ಆಗಬೇಕು, ಮನೆಮನೆಗೂ ಆರ್‌ಸಿಸಿಬಿ ಬೇಕು, ವರದಿಯ ಪ್ರತಿ ನಮಗೂ ಬೇಕು. ಪತ್ರ ಬರೆಯಲು ಬಾರದವರು ಭಾನುವಾರ ಪಕ್ಷದ ಕಚೇರಿಗೆ ಬನ್ನಿ, ಬರೆದುಕೊಡುತ್ತೇನೆ. ಅಲ್ಲಿಯವರೆಗೆ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ಕಾಯಿಲ್‌ಗಾಗಲಿ ಬಕೆಟ್ಟಿನ ನೀರಿಗಾಗಲಿ ಕೈ ಹಾಕಿರಿ.