ಎಣಿಸಲ್ಪಡುವವರು ಎಣಿಸುವವರಾಗಲಿ

(ಪದವಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ಹೆಸರಿಸಿದೆ. ಅವುಗಳಲ್ಲಿ ಫಕೀರರು ಮತ್ತು ಮಿಸ್ಕೀನರ ಉಲ್ಲೇಖ ಪ್ರತ್ಯೇಕವಾಗಿದೆ. ಇವರಿಬ್ಬರ ವ್ಯತ್ಯಾಸವೇನೆಂದು ವಿದ್ವಾಂಸರು ಶತಮಾನಗಳಿಂದ ಚರ್ಚಿಸಿದ್ದಾರೆ. ಝಕಾತ್‌ನ ಸಂಗ್ರಹ ಮತ್ತು ವಿತರಣೆಯಲ್ಲಿ ತೊಡಗಿದವರಿಗೂ ಆ ನಿಧಿಯಲ್ಲಿ ಪಾಲಿದೆ. ಬಡತನವು ಒಂದೇ ಬಗೆಯದ್ದಲ್ಲ, ಬಡವನನ್ನು ಗುರುತಿಸುವುದು ಒಂದು ಜವಾಬ್ದಾರಿಯುತ ಕಾರ್ಯ ಎಂಬ ಪಾಠ ಇದರಲ್ಲಿದೆ. ನಾವಾದರೋ ರಮಝಾನ್‌ನಲ್ಲಿ ಬಾಗಿಲಿಗೆ ಬಂದವರ ಕೈಗೆ ನೋಟು ಇಟ್ಟು ಹೊಣೆ ಮುಗಿಯಿತೆಂದು ಭಾವಿಸುತ್ತೇವೆ.

ಬಡತನ ಮತ್ತು ಅಸಮಾನತೆ ಇಂದು ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ಅಧ್ಯಯನದ ವಿಷಯಗಳಾಗಿವೆ. 1990ರಲ್ಲಿ ವಿಶ್ವಬ್ಯಾಂಕ್ ದಿನಕ್ಕೆ ಒಂದು ಡಾಲರ್ ಎಂಬ ಬಡತನದ ರೇಖೆಯನ್ನು ಎಳೆಯಿತು. ಬೆಲೆಗಳಿಗೆ ಹೊಂದಿಸುತ್ತಾ ಬಂದ ಆ ರೇಖೆ 2025ರಲ್ಲಿ ಮೂರು ಡಾಲರ್‌ಗೆ ತಲುಪಿತು. ಆದರೆ ಹಣವೊಂದೇ ಅಳತೆಗೋಲೇ? ಅದೇ 1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬುಲ್ ಹಕ್, ಗೆಳೆಯ ಅಮರ್ತ್ಯ ಸೇನ್‌ರ ನೆರವಿನೊಂದಿಗೆ, ಆಯುಷ್ಯ ಮತ್ತು ಶಿಕ್ಷಣವನ್ನೂ ಆದಾಯದ ಜೊತೆ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ವಿಶ್ವಸಂಸ್ಥೆಯ ಮೂಲಕ ಮುಂದಿಟ್ಟರು. 2010ರಲ್ಲಿ ಬಂದ ಬಹು ಆಯಾಮದ ಬಡತನ ಸೂಚ್ಯಂಕವು ಅಡುಗೆಯ ಇಂಧನ, ಶೌಚಾಲಯ ಮತ್ತು ಮಕ್ಕಳ ಶಾಲಾ ಹಾಜರಾತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಪ್ರಶ್ನೆ ಬದಲಾದಾಗ ಕಣ್ಣಿಗೆ ಬೀಳುವ ಬಡವರೂ ಬದಲಾಗುತ್ತಾರೆ.

ಇದಕ್ಕೆ ನಮ್ಮದೇ ಉದಾಹರಣೆಯಿದೆ. ಮುಸ್ಲಿಮರು ಮಕ್ಕಳನ್ನು ಮದ್ರಸಾಕ್ಕೆ ಮಾತ್ರ ಕಳುಹಿಸುತ್ತಾರೆಂಬ ಆರೋಪ ಬಹುಕಾಲದ್ದು. 2006ರ ಸಾಚಾರ್ ಸಮಿತಿಯ ವರದಿಯು ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುವವರು ಶೇ. 4ನ್ನೂ ಮೀರುವುದಿಲ್ಲವೆಂದು ತೋರಿಸಿತು. ನೂರು ಭಾಷಣಗಳು ಮಾಡದ ಕೆಲಸವನ್ನು ಒಂದು ಅಂಕಿ ಮಾಡಿತು. ಅದೇ ವರದಿ ನಮ್ಮ ಹಿಂದುಳಿಯುವಿಕೆಯನ್ನೂ ಮುಚ್ಚಿಡಲಿಲ್ಲ. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65 ಇದ್ದಾಗ ನಮ್ಮದು ಶೇ. 59 ಇತ್ತು. ಈ ಬಗೆಯ ಅಧ್ಯಯನಗಳಲ್ಲಿ ನಾವು ಪದೇ ಪದೇ ಎಣಿಸಲ್ಪಡುತ್ತೇವೆ. ಪ್ರಶ್ನಾವಳಿ ಸಿದ್ಧಪಡಿಸುವ ಮೇಜಿನ ಸುತ್ತ ನಮ್ಮ ಮಕ್ಕಳು ಎಷ್ಟಿದ್ದಾರೆ?

“ಇದನ್ನು ಕಲಿತರೆ ಕೆಲಸ ಸಿಗುವುದೇ?” ಎಂದು ಹೆತ್ತವರು ಕೇಳುವುದು ಸಹಜ. ಇಂಜಿನಿಯರ್‌ನ ಸಂಬಳ ಇಲ್ಲಿ ಸಿಗಲಾರದು. ಆದರೆ ಸರಕಾರೇತರ ಸಂಸ್ಥೆ, ಸಂಶೋಧನೆ ಮತ್ತು ಸರಕಾರಿ ಯೋಜನೆಗಳಲ್ಲಿ ಅವಕಾಶವಿದೆ. ಬೆಂಗಳೂರಿನ ಅಝೀಮ್ ಪ್ರೇಮ್‌ಜಿ ವಿಶ್ವವಿದ್ಯಾನಿಲಯದಲ್ಲಿ ಅಭಿವೃದ್ಧಿ ವಿಷಯದ ಎಂ.ಎ. ಇದೆ. ಸಂಶೋಧನೆಗೆ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅಲ್ಲಿಯೇ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಇನ್ನು ಖರ್ಚಿನ ಮಾತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್‌ಅನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದನ್ನು ಪ್ರತಿಭಟಿಸೋಣ. ಆದರೆ ಮದುವೆ ಮಂಟಪದ ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿಯುವ ನಮಗೆ ಆ ಪ್ರತಿಭಟನೆಯ ನೈತಿಕ ಬಲ ಎಷ್ಟಿದೆಯೆಂದೂ ಆಲೋಚಿಸೋಣ.

ಪ್ರತಿ ಜಮಾಅತ್ ಒಬ್ಬ ಪದವೀಧರ ಅಥವಾ ಪದವೀಧರೆಯ ವ್ಯಾಸಂಗದ ಹೊಣೆ ಹೊರಲಿ. ಯುವಕ ಯುವತಿಯರೇ, ನೀವು ಅಲ್ಲಿಯ ತನಕ ಕಾಯಬೇಕಿಲ್ಲ. ನಿಮ್ಮ ಮೊಹಲ್ಲಾದಲ್ಲಿ ಹತ್ತನೆಯ ತರಗತಿಯ ಬಳಿಕ ಶಾಲೆ ಬಿಟ್ಟವರೆಷ್ಟು, ಏಕೆ ಬಿಟ್ಟರು, ಸಾಲದಲ್ಲಿರುವ ಮನೆಗಳೆಷ್ಟು ಎಂದು ಬರೆದಿಡಿರಿ. ಯಾವ ಧರ್ಮದವರೆಂದು ನೋಡದೆ ನೆರೆಮನೆಯನ್ನೂ ಸೇರಿಸಿರಿ. ಹಸಿವಿಗೆ ಜಾತಿಯಿಲ್ಲ. ಮುಂದಿನ ರಮಝಾನ್‌ನಲ್ಲಿ ಆ ಪುಸ್ತಕ ಜಮಾಅತ್‌ನ ಮುಂದಿರಲಿ.

ಅಲ್ಲಾಹನು ನಮಗೆ ಅದರ ಸೌಭಾಗ್ಯ ಕರುಣಿಸಲಿ, ಆಮೀನ್.