ರಜೆಯ ಪ್ರವಾಸ ಮತ್ತು ಮನೆಯಲ್ಲೇ ಉಳಿದ ಬಂಧುಗಳು

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಬೇಸಗೆ ರಜೆ ಎಂದರೆ ಒಂದು ಕಾಲದಲ್ಲಿ ನಾನಿಯ ಮನೆ ಎಂದೇ ಅರ್ಥವಿತ್ತು. ನಾಗಮಂಗಲದ ಮಕ್ಕಳು ಕೆ.ಆರ್. ಪೇಟೆಯ ಖಾಲಾನ ಮನೆಗೆ, ಪಾಂಡವಪುರದ ಮಕ್ಕಳು ಗಂಜಾಮಿನ ಮಾಮೂ ಮನೆಗೆ ಹೋಗುತ್ತಿದ್ದರು. ಒಂದೇ ಚಾಪೆಯ ಮೇಲೆ ಎಂಟು ಮಂದಿ ಮಲಗುತ್ತಿದ್ದರು. ಈಗ ರಜೆಯ ಅರ್ಥ ಬದಲಾಗಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಮ್ಮನೋ ಕೊಲ್ಲಿ ರಾಷ್ಟ್ರದಿಂದ ಬಂದ ಅಳಿಯನೋ ಮೊಬೈಲಿನಲ್ಲಿ ಕಡಲತೀರದ ರೆಸಾರ್ಟ್‌ನ ಚಿತ್ರವನ್ನು ಕಳುಹಿಸುತ್ತಾರೆ. ಎರಡು ದಿನಗಳಲ್ಲಿ ಇಡೀ ಕುಟುಂಬದ ಪ್ರವಾಸ ನಿಶ್ಚಯವಾಗಿಬಿಡುತ್ತದೆ. ಬೆಳ್ಳೂರು ಕ್ರಾಸ್‌ನಿಂದ ಹಾಸನ, ಶಿರಾಡಿ ಘಾಟಿಯ ಮೂಲಕವೋ ಮೈಸೂರಿನಿಂದ ಮಡಿಕೇರಿ, ಸಂಪಾಜೆಯ ಮೂಲಕವೋ ವಾಹನಗಳು ಉಳ್ಳಾಲ, ಮಲ್ಪೆ, ಮುರುಡೇಶ್ವರದತ್ತ ಸಾಗುತ್ತವೆ.

ಇದನ್ನು ಖಂಡಿಸಲು ನಾವು ಇಲ್ಲಿ ಸೇರಿಲ್ಲ. ಇಸ್ಲಾಮ್ ಮನುಷ್ಯನ ಸಂತೋಷಕ್ಕೆ ಶತ್ರುವಲ್ಲ. ಪ್ರಯಾಣಿಕನಿಗೆ ನಮಾಝನ್ನು ಮೊಟಕುಗೊಳಿಸುವ, ಉಪವಾಸವನ್ನು ಮುಂದೂಡುವ ಸೌಲಭ್ಯವನ್ನು ನೀಡಿದ ಧರ್ಮವಿದು. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಬಯಲುಸೀಮೆಯ ಮಗುವೊಂದು ಮೊದಲ ಬಾರಿಗೆ ಸಮುದ್ರವನ್ನು ಕಂಡು ಬೆರಗಾಗುವುದು ಸಣ್ಣ ಸಂಗತಿಯೇನಲ್ಲ. ನಮ್ಮ ಪ್ರಶ್ನೆ ಬೇರೆ. ಈ ಪ್ರವಾಸವನ್ನು ನಾವು ಕೈಗೊಳ್ಳುವುದು ಬಂಧುತ್ವದ ಹೆಸರಿನಲ್ಲಿ. ಹಾಗಿರುವಾಗ ಅದರಿಂದ ಬಂಧುತ್ವ ಬಲಗೊಳ್ಳುತ್ತಿದೆಯೇ, ಅಥವಾ ಸದ್ದಿಲ್ಲದೆ ಸೀಳುತ್ತಿದೆಯೇ?

ಯಾರು ಬರಲಿಲ್ಲ?

ಒಂದು ಸರಳ ಲೆಕ್ಕ ಹಾಕೋಣ. ಐದು ಕುಟುಂಬಗಳು, ಐದು ಕೋಣೆಗಳು, ಎರಡು ರಾತ್ರಿ. ಕೋಣೆಯೊಂದಕ್ಕೆ ದಿನಕ್ಕೆ 8,000 ರೂಪಾಯಿ ಎಂದಿಟ್ಟುಕೊಂಡರೆ 80,000 ರೂಪಾಯಿ. ದಿನಬಾಡಿಗೆ 7,500 ರೂಪಾಯಿಯನ್ನು ಮೀರಿದ ಕೋಣೆಗೆ ಶೇ. 18 ಜಿಎಸ್‌ಟಿ ಇದೆ, ಅದು 14,400. ಅಂದರೆ ವಾಹನದ ಬಾಡಿಗೆ, ಊಟದ ಖರ್ಚು ಇತ್ಯಾದಿಗಳು ಸೇರುವ ಮೊದಲೇ ಪ್ರತಿ ಕುಟುಂಬದ ಪಾಲಿಗೆ 18,880 ರೂಪಾಯಿ. ಐದು ಕುಟುಂಬಗಳ ಪೈಕಿ ಇಬ್ಬರಿಗೆ ಇದು ಹಗುರ, ಇನ್ನಿಬ್ಬರಿಗೆ ಭಾರ. ಐದನೆಯವನು ಗ್ಯಾರೇಜಿನಲ್ಲಿ ದುಡಿಯುವವನೋ ಆಟೋ ಓಡಿಸುವವನೋ ಆಗಿದ್ದರೆ, ಅದು ಅವನ ಇಡೀ ತಿಂಗಳ ದುಡಿಮೆಯಾದೀತು.

ಅವನು ತನ್ನಲ್ಲಿ ಹಣವಿಲ್ಲವೆಂದು ಹೇಳುವುದಿಲ್ಲ. ಮಗನಿಗೆ ಜ್ವರವೆನ್ನುತ್ತಾನೆ, ಅಂಗಡಿ ನೋಡಿಕೊಳ್ಳಲು ಜನವಿಲ್ಲ ಎನ್ನುತ್ತಾನೆ. ನಾವೂ ಅದನ್ನು ನಂಬಿದಂತೆ ನಟಿಸುತ್ತೇವೆ. ಬಳಿಕ ಎರಡು ದಿನಗಳ ಕಾಲ ಅವನ ಮಕ್ಕಳು ತಮ್ಮ ಓರಗೆಯವರು ಈಜುಕೊಳದಲ್ಲಿ ಆಡುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುತ್ತಾ ಕೂರುತ್ತಾರೆ. ಅಥವಾ ಅವನು ಮಾನಕ್ಕೆ ಅಂಜಿ ಸಾಲ ಮಾಡಿ ಬರುತ್ತಾನೆ. ಮೂರು ದಿನಗಳ ನಗುವಿಗೆ ವರ್ಷವಿಡೀ ಕಂತು, ಅದರ ಮೇಲೆ ಬಡ್ಡಿ. ಬಡ್ಡಿಯ ಬಗ್ಗೆ ವೇದಿಕೆಗಳಲ್ಲಿ ಗಂಟೆಗಟ್ಟಲೆ ಮಾತನಾಡುವ ಸಮುದಾಯವು ತನ್ನದೇ ಬಂಧುವನ್ನು ಅದರ ಬಾಗಿಲಿಗೆ ದೂಡುವುದು ಎಷ್ಟು ಸರಿ?

ಸಿರಿವಂತ ಅಣ್ಣನೇ ಎಲ್ಲರ ಖರ್ಚನ್ನೂ ಭರಿಸಿದರೆ ಸಾಲದೇ ಎಂದು ಕೇಳಬಹುದು. ಉದ್ದೇಶ ಒಳ್ಳೆಯದೇ. ಆದರೆ ಕೊಟ್ಟದ್ದು ನಾಲ್ಕು ಜನರ ಬಾಯಿಗೆ ಬಿದ್ದರೆ, ಪಡೆದವನು ಅದರ ಬೆಲೆಯನ್ನು ತಲೆತಗ್ಗಿಸಿ ತೆರಬೇಕಾಗುತ್ತದೆ. ಆದ್ದರಿಂದ ನಮ್ಮ ಸಲಹೆ ಇದು: ಕುಟುಂಬದ ಹಿರಿಯರೊಬ್ಬರು, ಅದು ದಾದಿಯೇ ಆಗಿರಲಿ, ಹಣ ಸಂಗ್ರಹಿಸಲಿ. ಪ್ರತಿಯೊಬ್ಬರೂ ಶಕ್ತ್ಯನುಸಾರ ಕೊಡಲಿ. ಯಾರು ಎಷ್ಟು ಕೊಟ್ಟರೆಂಬುದು ಆ ಹಿರಿಯರಿಗಷ್ಟೇ ತಿಳಿದಿರಲಿ. ಸೇರಿದ ಹಣ ಎಲ್ಲಿಯವರೆಗೆ ಒಯ್ಯುತ್ತದೋ ಅಲ್ಲಿಗೆ ಎಲ್ಲರೂ ಹೋಗೋಣ. ಅದು ಕಡಲತೀರವಾದರೆ ಸಂತೋಷ, ಕಾವೇರಿಯ ದಡವಾದರೂ ಸಂತೋಷ.

ಯಾರಿಗೆ ರಜೆ?

ಇಲ್ಲಿ ಸಹೋದರಿಯರ ಪರವಾಗಿ ಒಂದು ಮಾತು ಹೇಳಲೇಬೇಕು. ರೆಸಾರ್ಟ್ ಎಂದೊಡನೆ ನಮ್ಮ ಮನೆಯ ಮಹಿಳೆಯರ ಮುಖ ಅರಳುವುದನ್ನು ಆಡಂಬರದ ಮೋಹವೆಂದು ಕೆಲವರು ಹಳಿಯುತ್ತಾರೆ. ನಿಜವಾದ ಕಾರಣ ಅದಲ್ಲ. ವರ್ಷದಲ್ಲಿ ಎರಡು ದಿನವಾದರೂ ಬೇರೆಯವರು ಅಡುಗೆ ಮಾಡಿ ಬಡಿಸುತ್ತಾರೆ, ಬೇರೆಯವರು ತಟ್ಟೆ ತೊಳೆಯುತ್ತಾರೆ ಎಂಬುದೇ ಆ ಸಂತೋಷದ ಮೂಲ. ಸರಳ ಪ್ರವಾಸವನ್ನು ಬೋಧಿಸುವ ನಾವು ಈ ಮಾತಿಗೆ ಉತ್ತರ ಕೊಡಬೇಕಾಗಿದೆ. ಗುಂಬಝ್‌ಗೆ ಹೋಗೋಣವೆಂದು ಗಂಡಸರು ತೀರ್ಮಾನಿಸಿದರೆ, ಸೊಸೆಯಂದಿರು ಫಜ್ರ್‌ಗೂ ಮೊದಲೇ ಎದ್ದು ಬಿರಿಯಾನಿಯ ದೇಗ್ ಏರಿಸಬೇಕು, ಸಂಜೆ ಮರಳಿ ಪಾತ್ರೆ ತಿಕ್ಕಬೇಕು. ಇದು ಯಾರ ರಜೆ?

ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರು, ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಆದ್ದರಿಂದ ಪ್ರವಾಸದ ದಿನ ಗಂಡಸರು ಅಡುಗೆ ಮಾಡಲಿ, ಮಕ್ಕಳನ್ನು ಎತ್ತಿಕೊಳ್ಳಲಿ, ಪಾತ್ರೆಯನ್ನೂ ತೊಳೆಯಲಿ. ಅದು ಸಾಧ್ಯವಾಗದಿದ್ದರೆ ಊಟವನ್ನು ಹೊರಗಿನಿಂದ ತರಿಸಲಿ. ಮಹಿಳೆಯರಿಗೆ ವಿಶ್ರಾಂತಿ ಕೊಡದ ಪ್ರವಾಸವನ್ನು ಸರಳ ಪ್ರವಾಸವೆಂದು ಹೊಗಳುವ ಹಕ್ಕು ನಮಗಿಲ್ಲ.

ಎಲ್ಲರೂ ಮರಳಿದರೇ?

ಬಂಧುಗಳ ಮಕ್ಕಳನ್ನು ಜೊತೆಗೆ ಕರೆದೊಯ್ಯುವುದೆಂದರೆ ಅವರ ಜೀವವನ್ನು ಅಮಾನತ್ ಆಗಿ ಪಡೆದಂತೆ. 2024ರ ನವೆಂಬರ್ 17ರಂದು ಉಳ್ಳಾಲದ ಬಳಿಯ ಉಚ್ಚಿಲದ ಖಾಸಗಿ ಬೀಚ್ ರೆಸಾರ್ಟೊಂದರಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಅವರು ಕಡಲಿಗೆ ಇಳಿದವರಲ್ಲ. ಈಜುಕೊಳದಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು, ಹೀಗೆ ಮೂವರೂ ಹೋದರು. ಮರುತಿಂಗಳು 10ರಂದು ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮೃತರಾದರು. 2025ರ ಅಕ್ಟೋಬರ್ 7ರ ದುರಂತವಂತೂ ನಮ್ಮ ನೆರೆಯಲ್ಲೇ ನಡೆಯಿತು. ನಾಗಮಂಗಲದ ಗಡಿಯಾಚೆಗೆ, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯದ ಬಳಿ, ತುಮಕೂರಿನಿಂದ ನೆಂಟರ ಮನೆಗೆ ಬಂದಿದ್ದ ಕುಟುಂಬವೊಂದು ನೀರಿನಲ್ಲಿ ನಿಂತಿದ್ದಾಗ ಏಕಾಏಕಿ ಹರಿವು ಹೆಚ್ಚಿ ಆರು ಮಂದಿಯನ್ನು ಕಳಕೊಂಡಿತು. ನಮ್ಮದೇ ಸಂಗಮ, ಬಲಮುರಿ, ಎಡಮುರಿಗಳು ಇಂತಹ ಸಾವುಗಳನ್ನು ಎಷ್ಟೋ ಕಂಡಿವೆ.

ಹಣ ತೆತ್ತ ಮಾತ್ರಕ್ಕೆ ಹೊಣೆ ರೆಸಾರ್ಟ್‌ನವರ ಹೆಗಲಿಗೆ ಪೂರ್ತಿ ವರ್ಗವಾಗುವುದಿಲ್ಲ. ಕೋಣೆ ಕಾದಿರಿಸುವಾಗ ನಾವು ಊಟದ ಪಟ್ಟಿಯನ್ನು ಕೇಳುತ್ತೇವೆ. ಜೀವರಕ್ಷಕರು ಇದ್ದಾರೆಯೇ, ಕೊಳದ ಆಳವೆಷ್ಟು, ಆಳ ಎಲ್ಲಿಂದ ಹೆಚ್ಚುತ್ತದೆ ಎಂದು ಕೇಳುವುದಿಲ್ಲ. ಇನ್ನು ಮುಂದೆ ಮೊದಲು ಇದನ್ನೇ ಕೇಳೋಣ. ಮಳೆಗಾಲದಲ್ಲಿ ಕಡಲಿಗೆ ಇಳಿಯದಿರೋಣ. ನೀರಿನ ಬಳಿ ಇರುವಷ್ಟು ಹೊತ್ತು ಮೊಬೈಲನ್ನು ಬದಿಗಿಟ್ಟು ಮಕ್ಕಳನ್ನಷ್ಟೇ ಕಾಯುವ ಹಿರಿಯರೊಬ್ಬರನ್ನು ಸರದಿಯಂತೆ ನೇಮಿಸೋಣ.

ನಮ್ಮ ಮನೆ ಬಾಗಿಲಲ್ಲಿ

ಕಡಲು ನಮಗೆ ದೂರ, ನಿಜ. ಆದರೆ ಟಿಪ್ಪು ಸುಲ್ತಾನರು 1784ರಲ್ಲಿ ಕಾವೇರಿಯ ದಡದಲ್ಲಿ ಕಟ್ಟಿಸಿದ ಬೇಸಗೆಯ ಅರಮನೆಯ ಹೆಸರೇನು? ದರಿಯಾ ದೌಲತ್, ಅಂದರೆ ಕಡಲಿನ ಸಂಪತ್ತು. ಅದರ ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರವನ್ನು ನೋಡಲು ವಿದೇಶೀಯರು ಬರುತ್ತಾರೆ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದರ ಮುಂದೆ ನಿಂತು ಕಥೆ ಕೇಳಿದ್ದಾರೆ? ಗುಂಬಝ್‌ನಲ್ಲಿ ಹೈದರಲಿ, ಫಖ್ರುನ್ನಿಸಾ, ಟಿಪ್ಪು ಒಂದೇ ಸೂರಿನಡಿ ಮಲಗಿದ್ದಾರೆ. ಹೊರಗಿನ ಜಗಲಿಯಲ್ಲಿ ಅವರ ಬಂಧುಗಳ ಸಮಾಧಿಗಳಿವೆ. ಆದರೆ 1799ರ ಪತನದ ಬಳಿಕ ಬದುಕುಳಿದ ಮಕ್ಕಳು, ಮಡದಿಯರು ವೆಲ್ಲೂರಿಗೂ 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೂ ಸಾಗಿಸಲ್ಪಟ್ಟರು. ಒಂದು ಕುಟುಂಬ ಚದುರುವುದೆಂದರೇನು ಎಂಬ ಪಾಠ ಅಲ್ಲಿ ಕಲ್ಲಿನಲ್ಲೇ ಇದೆ.

ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಸಲೀಂ ಅಲಿಯವರ ಒತ್ತಾಸೆ ಕಾರಣ. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು. ಪಾಂಡವಪುರದ ತೊಣ್ಣೂರು ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದೆ. ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವ ದೇಗುಲಗಳ ಶಿಲ್ಪಕಲೆ ನಮ್ಮ ನಾಡಿನ ಹೆಮ್ಮೆ. ನಮ್ಮ ಮಕ್ಕಳು ಅದನ್ನೂ ತಮ್ಮದೆಂದು ಬೆಳೆಯಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸರಕಾರಿ ಬಸ್ಸಿನ ಬಾಗಿಲನ್ನು ಉಚಿತವಾಗಿ ತೆರೆಯಿತು. ಮನೆಯ ಹೆಂಗಸರೆಲ್ಲ ಸೇರಿ ಇಲ್ಲಿಗೆ ಬರಲು ಅದಕ್ಕಿಂತ ದೊಡ್ಡ ಏರ್ಪಾಡೇನೂ ಬೇಕಿಲ್ಲ.

ಸರಕಾರಕ್ಕೂ ಒಂದು ಮಾತಿದೆ. ಬೃಂದಾವನ ಉದ್ಯಾನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಯೋಜನೆಯನ್ನು ಮುಂದಿಟ್ಟಾಗ ರೈತ ಸಂಘಟನೆಗಳು 2025ರಲ್ಲಿ ಬೀದಿಗಿಳಿದವು. ಬಡವನಿಗೆ ಬೇಕಾಗಿರುವುದು ದುಬಾರಿ ಟಿಕೇಟಿನ ಆಟವಲ್ಲ. ನದೀತೀರದಲ್ಲಿ ಶುಚಿಯಾದ ಶೌಚಾಲಯ, ಮಹಿಳೆಯರು ಬಟ್ಟೆ ಬದಲಿಸಲು ಮರೆಯಾದ ಜಾಗ, ಕುಡಿಯುವ ನೀರು, ಜೀವರಕ್ಷಕರು ಇಷ್ಟಿದ್ದರೆ ಸಾಕು. ಇವಿಲ್ಲದಿರುವುದರಿಂದಲೇ ಕೈಲಾದವರು ರೆಸಾರ್ಟ್‌ಗೆ ಹೋಗುತ್ತಾರೆ, ಆಗದವರು ಮನೆಯಲ್ಲಿ ಉಳಿಯುತ್ತಾರೆ. ಇವನ್ನು ಕೇಳಿ ಪಡೆಯಲು ನಾವು ನೆರೆಯ ಹಿಂದೂ ಬಾಂಧವರೊಡನೆ ಸೇರಿ ಪುರಸಭೆ, ಪಂಚಾಯತ್‌ಗಳ ಬಾಗಿಲು ತಟ್ಟಬೇಕು.

ಸಹೋದರ ಸಹೋದರಿಯರೇ, ಮುಂದಿನ ಈದ್‌ನ ರಜೆಗೆ ಪ್ರವಾಸ ನಿಶ್ಚಯಿಸುವ ಮೊದಲು ಕುಟುಂಬದಲ್ಲಿ ಅತ್ಯಂತ ಕಡಿಮೆ ಆದಾಯವಿರುವವರ ಮನೆಗೆ ಮೊದಲು ಹೋಗಿ ಕುಳಿತುಕೊಳ್ಳಿ. ಅವರ ಅನುಕೂಲವನ್ನು ಕೇಳಿ ದಿನಾಂಕವನ್ನೂ ಸ್ಥಳವನ್ನೂ ಗೊತ್ತುಮಾಡಿ. ಬಂಧುಗಳನ್ನು ಬೆಸೆಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ, ಆಮೀನ್.